ಹೊಲ ಮತ್ತು ಕೊಟ್ಟಿಗೆ: ಮಿಶ್ರ ಬೇಸಾಯ ನಡೆದು ಬಂದ ದಾರಿ



ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತೆಂದರೆ ನಮ್ಮ ಬಯಲು ಸೀಮೆಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು ಏಳುತ್ತದೆ. ಹಿತ್ತಲಿನ ಹುಲ್ಲಿನ ಮೆದೆ ಅರ್ಧಕ್ಕೆ ಇಳಿದಿರುತ್ತದೆ. ಗೋಮಾಳದಲ್ಲಿ ಹಸಿರಿನ ಸುಳಿವೇ ಇರುವುದಿಲ್ಲ. "ಇನ್ನು ಈ ದನ ಸಾಕೋದು ನಮ್ಮ ಕೈಲಿ ಆಗದು, ಬರೋ ಸಂತೆಗೆ ಹೊಡೆದುಬಿಡೋಣ" ಅನ್ನುತ್ತಾನೆ ಮಗ. "ಕೊಟ್ಟಿಗೆ ಬರಿದು ಮಾಡಿದ ಮೇಲೆ ಹೊಲಕ್ಕೆ ಏನು ಹಾಕ್ತೀಯಪ್ಪಾ?" ಅನ್ನುತ್ತಾಳೆ ಅಜ್ಜಿ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಇಬ್ಬರ ಲೆಕ್ಕವೂ ಅರ್ಧ ಅರ್ಧ.

ಈ ವ್ಯಾಜ್ಯ ಇಂದು ನಿನ್ನೆಯದಲ್ಲ. ನಮ್ಮ ಹಳೆಯ ಮೈಸೂರು ಸೀಮೆಯ ಒಕ್ಕಲುತನದ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಬಂದಿದೆ. ಒಮ್ಮೆ ಸರ್ಕಾರವೇ ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟು ಕೈ ಸುಟ್ಟುಕೊಂಡದ್ದೂ ಉಂಟು. ಬೆಳೆ, ದನ, ರೇಷ್ಮೆ, ಕೆರೆ ಇವೆಲ್ಲ ಹೇಗೆ ಕೂಡಿ ಬಾಳಿದವು, ಎಲ್ಲಿ ಆ ಕೂಟ ಕಳಚಿತು, ಕಳಚಿದಾಗ ಏನಾಯಿತು ಎಂಬುದನ್ನು ಈ ಹೊತ್ತು ನೋಡೋಣ. ಹಳೆಯ ಕಥೆ ಎಂದು ಬದಿಗೆ ಸರಿಸಬೇಡಿ. ಇದರಲ್ಲಿ ನಾಳಿನ ಸಂತೆಯ ಲೆಕ್ಕವೂ ಅಡಗಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಮರು ವರ್ಷವೇ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕರೆದು, ಈ ನಾಡಿನ ಬೇಸಾಯ, ಕಸುಬು, ವ್ಯಾಪಾರ ಎಲ್ಲವನ್ನೂ ನೋಡಿ ಬರೆದುಕೊಂಡು ಬಾ ಎಂದು ಕಳಿಸಿದ. ಬುಕಾನನ್ 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಊರಿಂದೂರಿಗೆ ಸುತ್ತಿದ. ಅವನು ಕಂಡದ್ದೆಲ್ಲ 1807ರಲ್ಲಿ ಲಂಡನ್ನಿನಲ್ಲಿ ಮೂರು ದೊಡ್ಡ ಸಂಪುಟಗಳಾಗಿ ಅಚ್ಚಾಯಿತು. ಕಂಪನಿಗೆ ಬೇಕಾಗಿದ್ದುದು ಕಂದಾಯದ ಲೆಕ್ಕ. ಆದರೆ ನಮಗೆ ಅದರಿಂದ ಒದಗಿದ್ದು ಇನ್ನೂರು ವರ್ಷದ ಹಿಂದಿನ ನಮ್ಮದೇ ಹೊಲದ ಚಿತ್ರ.

ಆ ಚಿತ್ರದಲ್ಲಿ ಏನಿದೆ? ಕೆಮ್ಮಣ್ಣಿನ ಹೊಲದಲ್ಲಿ ಕೂರಿಗೆಯಿಂದ ಬಿತ್ತಿದ ರಾಗಿ. ರಾಗಿಯ ನಡುನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು. ಅಕ್ಕಡಿ ಬೀಜ ಬಿಡುವುದಕ್ಕೆ ಕೂರಿಗೆಗೆ ಬೇರೆಯಾಗಿ ಕಟ್ಟಿದ ಬಿದಿರು ಕೊಳವೆ. ಪ್ರತಿ ರೈತನಿಗೂ ಒಂದು ತಿಪ್ಪೆಗುಂಡಿ. ಆ ಗುಂಡಿಗೆ ದನದ ಸಗಣಿ, ಕೊಟ್ಟಿಗೆಯ ಕಸ, ಮನೆಯ ಬೂದಿ, ಗುಡಿಸಿದ ಕಸ ಎಲ್ಲವೂ ಬೀಳುತ್ತಿತ್ತು. ಹೊರಗಿನಿಂದ ಬಂದವನಿಗೆ ಇವೆಲ್ಲ ಬೇರೆ ಬೇರೆ ಸಂಗತಿಗಳಾಗಿ ಕಂಡಿರಬಹುದು. ಮನೆಯೊಳಗಿನವರಿಗೆ ಮಾತ್ರ ಅದು ಒಂದೇ ಸರಪಳಿ.

ಆ ಸರಪಳಿಯನ್ನು ಒಂದೊಂದು ಕೊಂಡಿಯಾಗಿ ನೋಡಿ. ರಾಗಿಯ ಕಾಳು ಮನುಷ್ಯರಿಗೆ, ಹುಲ್ಲು ದನಕ್ಕೆ. ರಾಗಿ ಕಟಾವಾದ ಮೇಲೂ ಅವರೆ, ತೊಗರಿ ಹೊಲದಲ್ಲೇ ನಿಂತು, ಇಬ್ಬನಿಯ ತಂಪಿನಲ್ಲಿ ಕಾಯಿ ಕಟ್ಟುತ್ತವೆ. ಅವುಗಳ ಕಾಳು ಸಾರಿಗೆ, ಹೊಟ್ಟು ದನಕ್ಕೆ, ತೊಗರಿಯ ಕಡ್ಡಿ ಒಲೆಗೆ. ಬದುವಿನ ಹರಳು ದೀಪದ ಎಣ್ಣೆಗೆ, ಹುಚ್ಚೆಳ್ಳು ಒಗ್ಗರಣೆಗೆ. ಕಾಳಿನ ಗಿಡಗಳ ಬೇರಿನ ಗಂಟುಗಳಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಕುಳಿತು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದುಕೊಡುತ್ತವೆ. ತೊಗರಿಯ ತಾಯಿಬೇರು ರಾಗಿಯ ಬೇರು ಮುಟ್ಟದ ಆಳದ ತೇವವನ್ನು ಹೀರುತ್ತದೆ. ಒಂದು ಮಳೆ ತಪ್ಪಿ ರಾಗಿ ಸೊರಗಿದರೂ ಅಕ್ಕಡಿ ಒಂದಿಷ್ಟಾದರೂ ಕೈಗೆ ಹತ್ತುತ್ತದೆ. ನಮ್ಮ ಹಿರಿಯರಿಗೆ ಸಾರಜನಕದ ಹೆಸರು ತಿಳಿದಿರಲಿಲ್ಲ, ಅದು ಮಾಡುವ ಕೆಲಸ ತಿಳಿದಿತ್ತು.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದೇ ಎತ್ತು, ಅದೇ ಗಾಡಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದವು. ಹೊಲದಿಂದ ಮಳೆಗೆ ಕೊಚ್ಚಿಹೋದ ಸಾರ ಹೊಲಕ್ಕೇ ಹಿಂದಿರುಗುತ್ತಿತ್ತು. ಕೆರೆಯ ಹೂಳೂ ತೆಗೆದಂತಾಗುತ್ತಿತ್ತು. 1866ರಲ್ಲಿ ಇಂಜಿನಿಯರ್ ರಿಚರ್ಡ್ ಸ್ಯಾಂಕಿ ಮೈಸೂರು ಸೀಮೆಯ ಕೆರೆಗಳ ಸಾಲನ್ನು ನೋಡಿ, ಇಲ್ಲಿ ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬ ಅರ್ಥದ ಮಾತು ಬರೆದ. ಆ ಕೆರೆಗಳನ್ನು ಉಳಿಸಿದ್ದು ಕಟ್ಟಿಸಿದವರ ಪುಣ್ಯ ಮಾತ್ರವಲ್ಲ, ಪ್ರತಿ ಬೇಸಿಗೆ ಗೋಡು ಹೊಡೆದ ಎತ್ತುಗಳ ದುಡಿಮೆಯೂ ಹೌದು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಒಂದು ಮನೆಯಲ್ಲಿ ಹತ್ತು ಕಸುಬು ಇದ್ದ ಮಾತ್ರಕ್ಕೆ ಅದು ಮಿಶ್ರ ಬೇಸಾಯವಾಗುವುದಿಲ್ಲ. ಒಂದರ ಉಳಿಕೆ ಇನ್ನೊಂದರ ಊಟವಾಗಬೇಕು. ಹೊಲದ ಉಳಿಕೆ ಕೊಟ್ಟಿಗೆಗೆ, ಕೊಟ್ಟಿಗೆಯ ಉಳಿಕೆ ಹೊಲಕ್ಕೆ. ಈ ಕೊಂಡಿ ಇದ್ದರೆ ಕೂಟ, ಇಲ್ಲದಿದ್ದರೆ ಬರಿಯ ಸಂತೆ. ಇನ್ನು ಮುಂದೆ ನಾನು ಹೇಳುವುದೆಲ್ಲ ಈ ಕೊಂಡಿಯ ಕಥೆಯೇ.

ಈಗ ದನದ ಕಡೆಗೆ ಬರೋಣ. ಮೈಸೂರಿನ ಅರಸು ಚಿಕ್ಕದೇವರಾಜ ಒಡೆಯರು 1672ರಿಂದ 1704ರವರೆಗೆ ಆಳಿದರು. ಅರಮನೆಯ ಹಾಲು ಬೆಣ್ಣೆಗೆಂದು ದನ ಸಾಕುವ 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನು ಅವರು ನಡೆಸಿದರು. ದನಗಳು ಮೇಯುವುದಕ್ಕೆ ನಾಡಿನ ಉದ್ದಕ್ಕೂ ಕಾವಲುಗಳನ್ನು ಬಿಟ್ಟರು. ಹೈದರಾಲಿಯ ಕಾಲದಲ್ಲಿ ಈ ದನಗಳು ದಂಡಿನ ಸಾಮಾನು, ಫಿರಂಗಿಗಳನ್ನು ಎಳೆದವು. ಟಿಪ್ಪು ಸುಲ್ತಾನ್ ಇದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಇಂದಿಗೂ ಅದೇ ಹೆಸರಿನ ತಳಿ ನಮ್ಮಲ್ಲಿದೆ. ಹಳ್ಳಿಕಾರ್ ತಳಿ ಇದರ ಹತ್ತಿರದ ಬಂಧು. ಎರಡೂ ದುಡಿಮೆಗೆ ಹೆಸರಾದವು.

ಕಂಪನಿಯವರು ಬಂದ ಮೇಲೆ ಈ ಹಿಂಡು ಅವರ ಸೈನ್ಯದ ಕೈಗೆ ಹೋಯಿತು. 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್, ಇದರ ಖರ್ಚು ದಂಡವೆಂದು ಬಗೆದು ಹಿಂಡನ್ನು ಒಡೆದು ಮಾರುವುದಕ್ಕೆ ಅಪ್ಪಣೆ ಮಾಡಿದ. ಕಾಗದದ ಮೇಲೆ ಉಳಿತಾಯ ಕಂಡಿತು. ಆಮೇಲೆ ದಂಡಿಗೆ ಒಳ್ಳೆಯ ಎತ್ತು ಬೇಕಾದಾಗ ಸಿಗದೆ ಹೋಯಿತು. ಆರೇ ವರ್ಷದಲ್ಲಿ, 1866ರಲ್ಲಿ, ಅದೇ ಸರ್ಕಾರ ಹಿಂಡನ್ನು ಮತ್ತೆ ಕಟ್ಟಲು ಕೈಹಾಕಿತು. ನೋಡಿ, ಮಾರುವುದಕ್ಕೆ ಒಂದು ಸಂತೆ ಸಾಕು. ಒಂದು ಹಿಂಡು ಕಟ್ಟುವುದಕ್ಕೆ ಕರು ಹುಟ್ಟಬೇಕು, ಬೆಳೆಯಬೇಕು, ಅದು ಮತ್ತೆ ಈಯಬೇಕು. ಬೊಕ್ಕಸವಿದ್ದ ಸರ್ಕಾರಕ್ಕೇ ಹೀಗಾದರೆ ಎರಡು ಎಕರೆ ಒಕ್ಕಲಿನ ಪಾಡೇನು?

ಹಾಗಾದರೆ ಹಳೆಯ ಪದ್ಧತಿಯಲ್ಲಿ ಎಲ್ಲವೂ ಸರಿಯಾಗಿತ್ತೇ? ಇಲ್ಲ. ಹಳೆಯದನ್ನು ಹೊಗಳುವವರು ಇಲ್ಲಿ ತುಸು ನಿಲ್ಲಬೇಕು. 1875ರಲ್ಲಿ ಮಳೆ ಕೈಕೊಟ್ಟಿತು. 1876ರಲ್ಲಿ ಇನ್ನೂ ಕೆಟ್ಟಿತು. 1877ರಲ್ಲೂ ಸರಿಯಾಗಿ ಬರಲಿಲ್ಲ. ಧಾತು, ಈಶ್ವರ ಸಂವತ್ಸರಗಳ ಆ ಬರವನ್ನು ನಮ್ಮ ಹಿರಿಯರು ಆ ಹೆಸರಿನಿಂದಲೇ ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೆ ಮೇಲಿದ್ದರು. 1881ರ ಗಣತಿಯಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟು ಲಕ್ಷಕ್ಕೂ ಹೆಚ್ಚು ಕುಗ್ಗಿತು. ಎಷ್ಟೋ ಊರುಗಳಲ್ಲಿ ದೀಪ ಹಚ್ಚುವವರಿಲ್ಲದಂತಾಯಿತು.

ಅಕ್ಕಡಿ ಇತ್ತು, ದನ ಇತ್ತು, ಕೆರೆ ಇತ್ತು. ಆದರೂ ಯಾಕೆ ಹೀಗಾಯಿತು? ಒಂದು ವರ್ಷದ ಬರಕ್ಕೆ ಆ ಕೂಟ ತಡೆದುಕೊಳ್ಳುತ್ತಿತ್ತು. ಮೇಲಿಂದ ಮೇಲೆ ಬಂದ ಬರಕ್ಕೆ ಅದರ ಕೊಂಡಿಗಳು ಒಂದರ ಹಿಂದೆ ಒಂದು ಕಳಚಿದವು. ಕೆರೆ ಒಣಗಿತು, ಹುಲ್ಲು ಮುಗಿಯಿತು, ದನ ಬಿದ್ದವು. ಕಾಳಿನ ಬೆಲೆ ಬಡವನ ಕೈಗೆ ಎಟುಕದಾಯಿತು. ಕಡೆಗೆ ಮಳೆ ಬಂದಾಗ ಬದುಕುಳಿದವನ ಬಳಿ ಹೊಲ ಇತ್ತು, ನೇಗಿಲು ಇತ್ತು, ನೊಗಕ್ಕೆ ಕೊರಳು ಕೊಡುವ ಎತ್ತು ಇರಲಿಲ್ಲ. ಬರ ಹೋದರೂ ಬರದ ನೆರಳು ಹೋಗಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಕಾಳು ಕಾಪಾಡುವುದಕ್ಕೆ ನಮ್ಮವರ ಬಳಿ ಹಗೇವು ಇತ್ತು. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿದ ಹಗೇವಿನಲ್ಲಿ ರಾಗಿಯನ್ನು ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಗಾಳಿಯಾಡದ ಕಡೆ ಹುಳು ಬದುಕದು. ಅದೇ ಅದರ ಗುಟ್ಟು. ಹಗೇವು ತುಂಬಿಸುವ ಶಕ್ತಿ ಇದ್ದವರು ಬರವನ್ನು ಹೇಗೋ ದಾಟಿದರು. ಆದರೆ ಮೇವಿಗೆ? ಮೇವಿಗೆ ಮೆದೆ ಒಂದೇ. ಅದು ಒಂದು ಬೇಸಿಗೆಯ ಮಾತು. ಹಸಿರು ಮೇವನ್ನು ಕಾಪಿಡುವ ಹಗೇವು ಆಗ ನಮ್ಮಲ್ಲಿ ಇರಲಿಲ್ಲ. ಕೂಟದಲ್ಲಿ ಎಲ್ಲಕ್ಕಿಂತ ಬಡಕಲಾದ ಕೊಂಡಿ ಮೇವು. ಇದನ್ನು ನೆನಪಿಡಿ. ಕಡೆಯಲ್ಲಿ ಇಲ್ಲಿಗೇ ಹಿಂದಿರುಗುತ್ತೇನೆ.

ರೇಷ್ಮೆಯ ಕಥೆಯೂ ಇಂಥದೇ ಪಾಠ ಹೇಳುತ್ತದೆ. ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳು ತರಿಸಿ ಹಿಪ್ಪುನೇರಳೆ ಬೆಳೆಸಲು ಉತ್ತೇಜನ ಕೊಟ್ಟ. ಅಂದಿನಿಂದ ರಾಗಿ, ದನಗಳ ಪಕ್ಕಕ್ಕೆ ಹುಳದ ಮನೆಯೂ ಸೇರಿತು. ಹುಳು ತಿಂದು ಬಿಟ್ಟ ಸೊಪ್ಪಿನ ಉಳಿಕೆ ದನಕ್ಕೆ, ಹುಳದ ಹಿಕ್ಕೆ ತಿಪ್ಪೆಗೆ, ಕೊಟ್ಟಿಗೆ ಗೊಬ್ಬರ ಹಿಪ್ಪುನೇರಳೆಗೆ. ಹೆಂಗಸರ ಕೈಗೆ ವರ್ಷದಲ್ಲಿ ಹಲವು ಸಲ ಕಾಸು ಕಾಣುವಂತಾಯಿತು. 1890ರ ದಶಕದಲ್ಲಿ ಜಮಶೇಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ತೆರೆದು, ಜಪಾನಿನ ಜಾಣರನ್ನು ಕರೆಸಿ ಹೊಸ ವಿಧಾನ ಕಲಿಸುವ ಏರ್ಪಾಡು ಮಾಡಿದರು.

ಹುಳಕ್ಕೆ ರೋಗ ಬಂದ ವರ್ಷಗಳು ಇದ್ದವು. 1930ರ ಸುಮಾರಿಗೆ ಲೋಕದಲ್ಲೆಲ್ಲ ವ್ಯಾಪಾರ ಮುಗ್ಗರಿಸಿ, ಹೊರದೇಶದ ಅಗ್ಗದ ರೇಷ್ಮೆ ನುಗ್ಗಿ, ಗೂಡಿನ ಬೆಲೆ ಪಾತಾಳಕ್ಕೆ ಇಳಿದ ವರ್ಷಗಳೂ ಇದ್ದವು. ಅಂಥ ಹೊತ್ತಿನಲ್ಲಿ ಯಾರು ನಿಲ್ಲಬಲ್ಲರು? ಹೊಲವನ್ನೆಲ್ಲ ಹಿಪ್ಪುನೇರಳೆ ಮಾಡಿ ಊಟದ ರಾಗಿಯನ್ನೂ ಅಂಗಡಿಯಿಂದ ತರುವವನಿಗೆ ಗೂಡಿನ ಬೆಲೆ ಇಳಿದರೆ ಒಲೆಯೂ ತಣ್ಣಗಾಗುತ್ತದೆ. ರಾಗಿ, ಎಮ್ಮೆ, ಒಂದು ಮಡಿ ಹಿಪ್ಪುನೇರಳೆ ಇಟ್ಟುಕೊಂಡವನಿಗೆ ಕೈಕಾಸು ಹೋಗುತ್ತದೆ, ಮುದ್ದೆ ಉಳಿಯುತ್ತದೆ. ರೇಷ್ಮೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದು ನೊಗಕ್ಕೆ ಸೇರಿಸಿಕೊಂಡ ಇನ್ನೊಂದು ಎತ್ತು ಇದ್ದಂತೆ. ಇಡೀ ಗಾಡಿಯನ್ನು ಅದೊಂದರ ಮೇಲೆಯೇ ಹೇರಬಾರದು.

ಈ ನಡುವೆ ವಿಜ್ಞಾನವೂ ನಮ್ಮ ತಿಪ್ಪೆಯ ಕಡೆ ತಿರುಗಿ ನೋಡಿತು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಬೇಸಾಯದ ಪ್ರಯೋಗಗಳಿಗಾಗಿ ಕೊಟ್ಟರು. ಜರ್ಮನಿಯಲ್ಲಿ ಓದಿದ ರಸಾಯನ ತಜ್ಞ ಲೇಮನ್ ನಮ್ಮ ಮಣ್ಣು, ಗೊಬ್ಬರಗಳ ಪರೀಕ್ಷೆ ತೊಡಗಿದರು. 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಮಲೆನಾಡಿಗೆ ಕಲಿಸಿದವರು ಅವರೇ. ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ ಶುರುವಾಯಿತು.

ದೂರದ ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಎಂಬ ವಿಜ್ಞಾನಿ ಕಸ, ಸಗಣಿ, ಗಂಜಲದ ಮಣ್ಣುಗಳನ್ನು ಪದರ ಪದರವಾಗಿ ಹಾಕಿ, ಮಗುಚಿ ಕೊಳೆಸುವ ವಿಧಾನವನ್ನು ರೂಪಿಸಿ 1931ರಲ್ಲಿ ಪುಸ್ತಕ ಮಾಡಿದ. ಅದೇ ಇಂದೋರ್ ಕಾಂಪೋಸ್ಟ್. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರ ಸುಮಾರಿಗೆ, ಮಗುಚುವ ಕೆಲಸವೇ ಇಲ್ಲದೆ ಗುಂಡಿಯಲ್ಲಿ ತುಂಬಿ ಮಣ್ಣು ಮೆತ್ತಿ ಕೊಳೆಸುವ ವಿಧಾನ ತಂದರು. ಲೋಕವೆಲ್ಲ ಅದನ್ನು ಬೆಂಗಳೂರು ವಿಧಾನ ಎನ್ನುತ್ತದೆ. ಪಟ್ಟಣದ ಕಸಕ್ಕೆಂದು ಹುಟ್ಟಿದ ಆ ವಿಧಾನದ ನೀತಿ ಹಳ್ಳಿಗೂ ಒಪ್ಪುತ್ತದೆ. ಸಾರ ಗಾಳಿಗೂ ಮಳೆಗೂ ಹೋಗದಂತೆ ಗುಂಡಿಯನ್ನು ಮುಚ್ಚಿಡಬೇಕು.

1947ರಲ್ಲಿ ಸ್ವಾತಂತ್ರ್ಯ ಬಂತು. 1952ರ ಗಾಂಧಿ ಜಯಂತಿಯಂದು ಸಮುದಾಯ ಅಭಿವೃದ್ಧಿ ಯೋಜನೆ ತೊಡಗಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಹುಟ್ಟಿತು. ಚೀಲದ ಗೊಬ್ಬರ ಊರೂರಿಗೂ ಬಂತು. ಸಿ. ಎಚ್. ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿಯ ಇಳುವರಿ ಏರಿತು. ಹೊಟ್ಟೆ ತುಂಬಿಸಿದ ಈ ಕೆಲಸವನ್ನು ಹಗುರವಾಗಿ ಕಾಣುವುದು ಕೃತಘ್ನತೆ.

ಕೊಟ್ಟಿಗೆಯೂ ಬದಲಾಯಿತು. ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ಮಿಶ್ರತಳಿ ಹಸುಗಳ ಕೆಲಸ ನಡೆಯಿತು. 1970ರ ದಶಕದ ನಡುವೆ ವಿಶ್ವ ಬ್ಯಾಂಕಿನ ಸಾಲದಿಂದ ಹಾಲಿನ ಯೋಜನೆ ಹಳ್ಳಿಗಳಿಗೆ ಬಂತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿಯಾಯಿತು. ಡೇರಿಯ ಕ್ಯಾನು ಎಷ್ಟೋ ಮನೆಗಳ ಮಕ್ಕಳನ್ನು ಓದಿಸಿತು. ಆದರೆ ಮೊದಲು ಹಸು ಎಂದರೆ ಎತ್ತಿನ ತಾಯಿ, ಗೊಬ್ಬರದ ತಾಯಿ. ಈಗ ಹಾಲಿನ ತಾಯಿ ಮಾತ್ರ. ಉಳುವ ಕೆಲಸ ಟ್ರ್ಯಾಕ್ಟರಿಗೆ ಹೋಯಿತು, ಗೊಬ್ಬರದ ಕೆಲಸ ಚೀಲಕ್ಕೆ ಹೋಯಿತು, ಹಿಂಡಿ ಬೂಸ ಅಂಗಡಿಯಿಂದ ಬಂತು. ಒಂದೇ ಮನೆಯೊಳಗೆ ಹೊಲಕ್ಕೂ ಕೊಟ್ಟಿಗೆಗೂ ನಡುವೆ ಗೋಡೆ ಎದ್ದಿತು. ಅದೇ ಕಾಲಕ್ಕೆ ಗೋಮಾಳ, ಕಾವಲುಗಳು ಕರಗಿದವು. ಕೆರೆಗಳಲ್ಲಿ ಹೂಳು ತುಂಬಿತು. 2019ರ ಜಾನುವಾರು ಗಣತಿಯಲ್ಲಿ ನಮ್ಮ ರಾಜ್ಯದ ದನಗಳ ಸಂಖ್ಯೆ 2012ಕ್ಕಿಂತ ಕಡಮೆಯಾಗಿ ಕಂಡಿತು.

ಈ ಗೋಡೆಯಿಂದ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಹೊಲವೇ ಸಾಕ್ಷಿ ಹೇಳುತ್ತದೆ. ಜಿಕೆವಿಕೆ ಎಂದರೆ ನಿಮಗೆಲ್ಲ ಗೊತ್ತು. ಅಲ್ಲಿನ ಖುಷ್ಕಿ ಕೆಮ್ಮಣ್ಣಿನಲ್ಲಿ 1978ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಅದೇ ತಾಕುಗಳಲ್ಲಿ ವರ್ಷ ವರ್ಷವೂ ರಾಗಿ. ಒಂದು ತಾಕಿಗೆ ಚೀಲದ ಗೊಬ್ಬರ ಮಾತ್ರ. ಒಂದಕ್ಕೆ ಕೊಟ್ಟಿಗೆ ಗೊಬ್ಬರ ಮಾತ್ರ. ಒಂದಕ್ಕೆ ಎರಡೂ, ಅಂದರೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಮತ್ತು ಶಿಫಾರಸು ಮಾಡಿದಷ್ಟು ರಾಸಾಯನಿಕ ಗೊಬ್ಬರ. ಒಂದಕ್ಕೆ ಏನೂ ಇಲ್ಲ.

ಚೀಲದ ಗೊಬ್ಬರವನ್ನೇ ನಂಬಿದ ತಾಕು ಮೊದಲ ವರ್ಷಗಳಲ್ಲಿ ಚೆನ್ನಾಗಿಯೇ ಕೊಟ್ಟಿತು. ಬರಬರುತ್ತ ಇಳುವರಿ ಕುಸಿಯಿತು. ಗೊಬ್ಬರ ಹಾಕಿದ್ದರೂ ಕುಸಿಯಿತು. ಕೊಟ್ಟಿಗೆ ಗೊಬ್ಬರದ ತಾಕು ನಿಧಾನವಾಗಿ, ನಂಬಿಕೆಯಿಂದ ನಡೆಯಿತು. ಎರಡನ್ನೂ ಉಂಡ ತಾಕು ಎಲ್ಲಕ್ಕಿಂತ ಹೆಚ್ಚು ಕೊಟ್ಟಿತು, ವರ್ಷದಿಂದ ವರ್ಷಕ್ಕೆ ಹೆಚ್ಚು ಏರುಪೇರೂ ಆಗಲಿಲ್ಲ. ಇದಕ್ಕೆ ಕಾರಣ ಗೂಢವೇನಲ್ಲ. ಚೀಲದ ಗೊಬ್ಬರ ಬೆಳೆಗೆ ಊಟ ಬಡಿಸುತ್ತದೆ. ಕೊಟ್ಟಿಗೆ ಗೊಬ್ಬರ ಊಟ ಇಡುವ ಪಾತ್ರೆಯನ್ನೇ ಗಟ್ಟಿ ಮಾಡುತ್ತದೆ. ಮಣ್ಣಿನಲ್ಲಿ ಕೊಳೆತ ಜೀವಾಂಶ ಇದ್ದರೆ ತೇವವೂ ನಿಲ್ಲುತ್ತದೆ, ಹಾಕಿದ ಸಾರವೂ ನಿಲ್ಲುತ್ತದೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯರು ಬಂದು, "ತಿಪ್ಪೆ ಗೊಬ್ಬರಕ್ಕೆ ಲಾರಿಯವರು ಒಳ್ಳೆ ರೇಟು ಕೊಡ್ತಾರೆ, ಕೊಟ್ಟುಬಿಡಲಾ ಸ್ವಾಮಿ?" ಎಂದು ಕೇಳಿದರು. "ಕೊಡಿ ಯಜಮಾನರೆ, ಅದರ ದುಡ್ಡಿನಲ್ಲಿ ಗೊಬ್ಬರದ ಚೀಲ ತಂದರಾಯಿತು" ಎಂದೆ. ಅವರು ವರ್ಷ ವರ್ಷವೂ ಕೊಟ್ಟರು. ನಾಲ್ಕಾರು ವರ್ಷದ ಮೇಲೆ ಅವರ ಹೊಲಕ್ಕೆ ಹೋದೆ. ಮಳೆ ಬಿದ್ದ ಮಾರನೆಯ ದಿನವೇ ಮಣ್ಣು ಹೆಪ್ಪುಗಟ್ಟಿ ಒಡೆದಿತ್ತು. ಬದುವಿನಾಚೆ, ಗೊಬ್ಬರ ಮಾರದ ಅವರ ತಮ್ಮನ ಹೊಲದಲ್ಲಿ ರಾಗಿ ಇನ್ನೂ ಹಸುರಾಗಿ ನಿಂತಿತ್ತು. ಯಜಮಾನರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ನಾನು ಓದಿದ್ದರಲ್ಲಿ ಬೆಳೆಯ ಪಾಠ ಬೇರೆ, ದನದ ಪಾಠ ಬೇರೆ ಇತ್ತು. ಎರಡಕ್ಕೂ ನಡುವಿನ ಕೊಂಡಿಯನ್ನು ನಾನೇ ಮರೆತಿದ್ದೆ.

ಈಗ ಮೊದಲ ಮಾತಿಗೆ ಬರೋಣ. ದನ ಮಾರಬೇಕೇ, ಇಟ್ಟುಕೊಳ್ಳಬೇಕೇ? ಎಲ್ಲರಿಗೂ ಒಂದೇ ಉತ್ತರ ಹೇಳುವುದು ಸರಿಯಲ್ಲ. ಬಾಯಿ ಹೆಚ್ಚಾಗಿ ಮೇವು ಕಡಮೆಯಾದರೆ ಎಲ್ಲವೂ ಸೊರಗುತ್ತವೆ. ಆದ್ದರಿಂದ ಮೊದಲು ಮೇವು ಅಳೆಯಿರಿ, ಆಮೇಲೆ ಬಾಯಿ ಎಣಿಸಿ. ದೊಡ್ಡ ದನಕ್ಕೆ ದಿನಕ್ಕೆ 5ರಿಂದ 6 ಕಿಲೋ ಒಣಮೇವು ಬೇಕು. 120 ದಿನದ ಬೇಸಿಗೆಗೆ ದನವೊಂದಕ್ಕೆ 6ರಿಂದ 7 ಕ್ವಿಂಟಾಲ್ ಹುಲ್ಲು. ಇದನ್ನು ಬೇಸಿಗೆಯಲ್ಲಿ ಲೆಕ್ಕ ಹಾಕಿ ಉಪಯೋಗವಿಲ್ಲ. ಕಣದಲ್ಲಿ ಮೆದೆ ಒಟ್ಟುವ ದಿನವೇ ಹಾಕಬೇಕು.

ಎರಡನೆಯದು, ಮೇವಿಗೂ ಒಂದು ಹಗೇವು ಮಾಡಿ. ನಮ್ಮ ಹಿರಿಯರಿಗೆ ಒದಗದ ಆ ಉಪಾಯ ಇಂದು ನಮ್ಮ ಕೈಯಲ್ಲಿದೆ. ಅದೇ ರಸಮೇವು, ಸೈಲೇಜ್. ನೀರು ನುಗ್ಗದ ಎತ್ತರದ ಜಾಗದಲ್ಲಿ 3 ಮೀಟರ್ ಉದ್ದ, 2 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಗುಂಡಿ ತೆಗೆಯಿರಿ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಮುಸುಕಿನ ಜೋಳವನ್ನು ಕಾಳು ಹಾಲುಗಟ್ಟಿದಾಗ ಕೊಯ್ದು, ಸಣ್ಣಗೆ ಕತ್ತರಿಸಿ, ಪದರ ಪದರವಾಗಿ ತುಂಬಿ ಚೆನ್ನಾಗಿ ತುಳಿಯಿರಿ. ಗಾಳಿ ಉಳಿಯಬಾರದು. ಮೇಲೆ ಹಾಳೆ ಮುಚ್ಚಿ ಮಣ್ಣು ಹೇರಿ. ಒಂದೂವರೆ ತಿಂಗಳಿಗೆ ಸಿದ್ಧ. ಅಂಥ ಗುಂಡಿಯಲ್ಲಿ ಸುಮಾರು 4,500 ಕಿಲೋ ಹಿಡಿಯುತ್ತದೆ. ಒಣಹುಲ್ಲಿನ ಜೊತೆಗೆ ಹಸುವೊಂದಕ್ಕೆ ದಿನಕ್ಕೆ 15 ಕಿಲೋ ಎಂದು ಹಾಕಿದರೆ ಎರಡು ಹಸುಗಳಿಗೆ 150 ದಿನ. ಬೂಷ್ಟು ಹಿಡಿದ ಮೇವನ್ನು ಮಾತ್ರ ದನಕ್ಕೆ ಹಾಕಬೇಡಿ. ನೋಡಿದಿರಾ, ಹಗೇವಿನ ಗುಟ್ಟೇ ಇಲ್ಲಿಯೂ ಇದೆ. ಗಾಳಿಯಾಡದಿದ್ದರೆ ಕೆಡದು.

ಮೂರನೆಯದು, ಗಂಜಲ. ದನದಿಂದ ಹೊರಬರುವ ಸಾರಜನಕದಲ್ಲಿ ಸುಮಾರು ಅರ್ಧ ಭಾಗ, ಪೊಟ್ಯಾಷಿನಲ್ಲಿ ಹೆಚ್ಚಿನ ಭಾಗ ಗಂಜಲದಲ್ಲೇ ಇದೆ. ಅದು ಚರಂಡಿಗೆ ಹರಿದರೆ ಅರ್ಧ ಗೊಬ್ಬರ ಚರಂಡಿಗೆ ಹೋದಂತೆ. ಕೊಟ್ಟಿಗೆಯಲ್ಲಿ ಒಣ ಎಲೆ, ಹೊಟ್ಟು, ಮಣ್ಣು ಹಾಸಿ ಗಂಜಲ ಹೀರಿಸಿ, ಗುಂಡಿಗೆ ಹಾಕಿ, ಮೇಲೆ ಮಣ್ಣು ಮುಚ್ಚಿ. ಹೊಲಕ್ಕೆ ಹೊಡೆದ ಗೊಬ್ಬರವನ್ನು ಬಿಸಿಲಲ್ಲಿ ವಾರಗಟ್ಟಲೆ ಗುಪ್ಪೆಯಾಗಿ ಬಿಡದೆ ಬೇಗ ಹರಡಿ ಉಳುಮೆ ಮಾಡಿ. ಖುಷ್ಕಿ ರಾಗಿಗೆ ಎಕರೆಗೆ ಸುಮಾರು 3 ಟನ್ ಕೊಟ್ಟಿಗೆ ಗೊಬ್ಬರ ಬೇಕು. ಜತನ ಮಾಡಿದರೆ ಒಂದೆರಡು ದನಗಳಿಂದ ಒಂದು ಎಕರೆಗೆ ಅಷ್ಟು ಒದಗುತ್ತದೆ. ಉಳಿದದ್ದಕ್ಕೆ ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಚೀಲದ ಗೊಬ್ಬರ ಹಾಕಿ.

ನಾಲ್ಕನೆಯದು, ಅಕ್ಕಡಿಯನ್ನು ಬಿಡಬೇಡಿ. 8 ಸಾಲು ರಾಗಿಗೆ 2 ಸಾಲು ತೊಗರಿ, ಇಲ್ಲವೆ 8 ಸಾಲಿಗೆ 1 ಸಾಲು ಅವರೆ. ಬದುವಿನ ಮೇಲೆ ಮೇವಿನ ಹುಲ್ಲು, ಅಗಸೆ, ಗ್ಲಿರಿಸಿಡಿಯ ಹಾಕಿದರೆ ಮಣ್ಣು ಕೊಚ್ಚುವುದೂ ನಿಲ್ಲುತ್ತದೆ, ಸೊಪ್ಪೂ ಸಿಗುತ್ತದೆ. ಹಿತ್ತಲಲ್ಲಿ ಹತ್ತು ನಾಟಿ ಕೋಳಿ ಇದ್ದರೆ ಕಣದಲ್ಲಿ ಚೆಲ್ಲಿದ ಕಾಳು ಮೊಟ್ಟೆಯಾಗುತ್ತದೆ. ಆದರೆ ಹೊಸದೊಂದು ಕಸುಬು ಸೇರಿಸುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ನಮ್ಮಲ್ಲಿರುವ ಯಾವುದರ ಉಳಿಕೆ ತಿನ್ನುತ್ತದೆ? ಇದರ ಉಳಿಕೆ ನಮ್ಮಲ್ಲಿ ಯಾವುದಕ್ಕೆ ಬೇಕು? ಎರಡಕ್ಕೂ ಉತ್ತರ ಇಲ್ಲದಿದ್ದರೆ ಅದು ಕೂಟಕ್ಕೆ ಸೇರದು, ಬರಿಯ ಹೊರೆ. ಆ ಹೊರೆ ಬಹಳ ಮನೆಗಳಲ್ಲಿ ಹೆಂಗಸರ ಹೆಗಲ ಮೇಲೆಯೇ ಬೀಳುತ್ತದೆ. ಆದ್ದರಿಂದ ಈ ಲೆಕ್ಕಕ್ಕೆ ಅವರನ್ನು ಕೂರಿಸಿಕೊಳ್ಳದೆ ತೀರ್ಮಾನ ಮಾಡಬೇಡಿ.

ಬಂಧುಗಳೆ, 1860ರಲ್ಲಿ ಸರ್ಕಾರ ಹಿಂಡು ಮಾರಿ ಆರು ವರ್ಷಕ್ಕೆ ಮತ್ತೆ ಕಟ್ಟಲು ಹೊರಟಿತು. ನಮಗೆ ಅಷ್ಟು ಬೊಕ್ಕಸವಿಲ್ಲ. ಧಾತು, ಈಶ್ವರದ ಬರದಲ್ಲಿ ಮೇವಿನ ಕೊಂಡಿ ಕಳಚಿ ನೊಗ ಬರಿದಾಯಿತು. ನಮಗೆ ಅಂಥ ಪರೀಕ್ಷೆ ಬಾರದಿರಲಿ. ಬಂದರೂ ನಮ್ಮ ಗುಂಡಿಯಲ್ಲಿ ಮೇವಿರಲಿ. ಬರುವ ಬೇಸಿಗೆಯಲ್ಲಿ ಮಗ ಸಂತೆಯ ಮಾತೆತ್ತಿದಾಗ ಅಜ್ಜಿ ಗದರಬೇಕಾಗಿಲ್ಲ, ಮಗ ಸಿಟ್ಟಾಗಬೇಕಾಗಿಲ್ಲ. ಇಬ್ಬರೂ ಎದ್ದು ಹಿತ್ತಲಿಗೆ ಹೋಗಿ ಮೆದೆ ಅಳೆದು, ಗುಂಡಿ ನೋಡಿ, ಆಮೇಲೆ ಕೂತು ಮಾತಾಡಲಿ.

ಈ ವಿಷಯದಲ್ಲಿ ಇನ್ನೂ ತಿಳಿಯಬೇಕಾದುದಿದ್ದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಹತ್ತಿರದ ಪಶು ಆಸ್ಪತ್ರೆಗೋ ಬನ್ನಿ. ಬರುವಾಗ ಮೆದೆಯ ಅಳತೆ ತನ್ನಿ, ದನಗಳ ಎಣಿಕೆ ತನ್ನಿ. ನಿಮ್ಮ ಮನೆಯ ಲೆಕ್ಕವನ್ನು ಕೂಡಿಯೇ ಮಾಡೋಣ.